ಗ್ಲೂಕೋಸ್ ಪಕ್ಕದ ಆ ಬಿಳಿ ಸಿರಿಂಜ್

ಪ್ರಶ್ನೆ (ತಾಯಿ): ಡಾಕ್ಟ್ರೇ, ನಮ್ಮ ಮಗು 29 ವಾರಕ್ಕೇ ಹುಟ್ಟಿತು, ತೂಕ 1.2 ಕೆಜಿ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇವತ್ತು ಎರಡನೇ ದಿನ. ಡ್ರಿಪ್ ಜೊತೆ ಸಣ್ಣ ಸಿರಿಂಜಿನಲ್ಲಿ ಹಾಲಿನ ಥರ ಏನೋ ಹೋಗುತ್ತಿದೆ. ‘ಲಿಪಿಡ್’ ಅಂದರು ಸಿಸ್ಟರ್. ರಕ್ತಕ್ಕೆ ಎಣ್ಣೆ ಬಿಡ್ತಾರಾ ಅಂತ ಅತ್ತೆಗೆ ಗಾಬರಿ. ಗ್ಲೂಕೋಸ್ ಒಂದೇ ಸಾಲದಾ?

ಉತ್ತರ (ಮಕ್ಕಳ ಡಾಕ್ಟರ್): ಅತ್ತೆಯವರು ಹೇಳಿದ್ದು ಸರಿ ಕಣಮ್ಮ, ಅದು ಎಣ್ಣೆಯೇ. ಸೋಯಾ ಎಣ್ಣೆಯನ್ನು ಎಣ್ಣೆ ನೀರು ಬೆರೆಯುವಂತೆ ಮಾಡುವ, ಮೊಟ್ಟೆಯ ಹಳದಿಯ ಲೆಸಿಥಿನ್ ಸೇರಿಸಿ ನೀರಿನಲ್ಲಿ ಕದಡಿರುತ್ತಾರೆ. ಹನಿಗಳು ತುಂಬಾ ಸಣ್ಣ, ರಕ್ತನಾಳದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಶುರುವಿನಲ್ಲಿ ತಂದ ಇಂಟ್ರಾಲಿಪಿಡ್ ಇದೇ ಬಗೆಯದು.

ಗ್ಲೂಕೋಸ್ ಒಂದೇ ಸಾಲದು. ಲಿನೋಲಿಯಿಕ್, ಆಲ್ಫಾ ಲಿನೋಲೆನಿಕ್ ಅಂತ ಎರಡು ಕೊಬ್ಬಿನಾಮ್ಲಗಳಿವೆ. ಮೈ ಅವನ್ನು ತಾನೇ ತಯಾರಿಸಿಕೊಳ್ಳಲಾರದು. ದಿನ ತುಂಬಿ ಹುಟ್ಟಿದ ಮಗುವಿಗೆ ಚರ್ಮದಡಿ ಕೊಬ್ಬಿನ ಇಡುಗಂಟು ಇರುತ್ತದೆ. ಅದು ಸೇರುವುದೇ ಬಸಿರಿನ ಕೊನೆಯ ತಿಂಗಳುಗಳಲ್ಲಿ. ನಿಮ್ಮ ಮಗು ಅದಕ್ಕೆ ಮುಂಚೆಯೇ ಬಂದುಬಿಟ್ಟಿದೆ. ಬರೀ ಗ್ಲೂಕೋಸ್ ಹೋಗುತ್ತಿದ್ದರೆ ಇನ್ಸುಲಿನ್ ಏರಿ, ಇರುವ ಚೂರು ಕೊಬ್ಬೂ ಕರಗುವುದಿಲ್ಲ. ಹಾಗಾಗಿ ಎರಡು ಮೂರು ದಿನದಲ್ಲೇ ರಕ್ತದಲ್ಲಿ ಈ ಆಮ್ಲಗಳ ಕೊರತೆ ಶುರುವಾಗುತ್ತದೆ. ಚರ್ಮ ಒಣಗಿ ಹೊಟ್ಟು ಏಳುವುದು, ತೂಕ ಏರದಿರುವುದು, ಪ್ಲೇಟ್‌ಲೆಟ್ ಇಳಿಯುವುದು ಆಮೇಲೆ. ಚರ್ಮ ನೋಡಿಕೊಂಡು ಲಿಪಿಡ್ ಶುರು ಮಾಡೋಣ ಅಂದರೆ ತಡವಾಯಿತು ಅಂತಲೇ ಅರ್ಥ.

ಪ್ರಶ್ನೆ (ನರ್ಸ್): ಸರ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) ಜಾಸ್ತಿ ಬಂದರೆ ನಮ್ಮಲ್ಲಿ ಲಿಪಿಡ್ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಸರೀನಾ?

ಉತ್ತರ: ಡೆಸಿಲೀಟರ್ ರಕ್ತಕ್ಕೆ 265 ಮಿಗ್ರಾಂ ದಾಟಿದರೆ ಲಿಪಿಡ್ ಇಳಿಸಿ, ಆದರೆ ದಿನಗಟ್ಟಲೆ ಸೊನ್ನೆ ಮಾಡಬೇಡಿ. ದಿನ ತುಂಬದ ಮಗುವಿಗೆ ದಿನಕ್ಕೆ ಕೆಜಿಗೆ ಕನಿಷ್ಠ 0.25 ಗ್ರಾಂ ಲಿನೋಲಿಯಿಕ್ ಬೇಕು. ಸೋಯಾ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಅದೇ ಇರುವುದರಿಂದ ಕೆಜಿಗೆ 1 ಗ್ರಾಂ ಕೊಟ್ಟರೂ ಧಾರಾಳ. ಈ ಮಗುವಿನ ಲೆಕ್ಕವನ್ನೇ ನೋಡಿ: 1.2 ಗ್ರಾಂ ಅಂದರೆ 20% ಲಿಪಿಡ್ 6 ಮಿಲಿ, ಪಂಪಿನಲ್ಲಿ ಗಂಟೆಗೆ 0.25 ಮಿಲಿ. ಅಷ್ಟೇ!

ಎಡವುವುದು ಬೇರೆ ಕಡೆ. ಸೋಯಾ, ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು), ಆಲಿವ್, ಮೀನೆಣ್ಣೆ ಬೆರೆಸಿದ ಸ್ಮೋಫ್ ಲಿಪಿಡ್‌ನಲ್ಲಿ ಸೋಯಾ ಪಾಲು 30% ಮಾತ್ರ. ಲಿನೋಲಿಯಿಕ್ ಸುಮಾರು ಐದನೇ ಒಂದು ಪಾಲು. ಅದನ್ನೂ ಸೋಯಾ ಲೆಕ್ಕದಲ್ಲೇ 1 ಗ್ರಾಮಿಗೆ ಇಳಿಸಿ ಕೂತರೆ ಕೊರತೆ ಖಂಡಿತ ಬರಬಹುದು. ಕೆಜಿಗೆ 2 ಗ್ರಾಮಿಗಿಂತ ಕೆಳಗೆ ಬಹಳ ದಿನ ಇಡಬೇಡಿ. ಬಾಟಲಿ ಬದಲಾದಾಗ ಲೆಕ್ಕವೂ ಬದಲಾಗಬೇಕು. ರೌಂಡ್ಸಿನ ಗಡಿಬಿಡಿಯಲ್ಲಿ ಇದು ನಮ್ಮ ಡಾಕ್ಟರುಗಳಿಗೂ ಮರೆತುಹೋಗುತ್ತದೆ, ನೀವು ಧೈರ್ಯವಾಗಿ ಕೇಳಿ.

ಪ್ರಶ್ನೆ (ತಾಯಿ): ಮೈಗೆ ಎಣ್ಣೆ ಹಚ್ಚಿದರೆ ಸಾಕಲ್ವಾ ಅಂತಾರೆ ಅತ್ತೆ.

ಉತ್ತರ: ಚರ್ಮದ ಮೂಲಕ ಒಂದಿಷ್ಟು ಒಳಗೆ ಹೋಗುತ್ತದೆ, ಆದರೆ ಎಷ್ಟು ಅಂತ ನಂಬುವ ಹಾಗಿಲ್ಲ. ಅಷ್ಟು ಎಳೆಯ ಚರ್ಮಕ್ಕೆ ಈಗ ಏನೂ ಹಚ್ಚಬೇಡಿ. ಅದರ ಬದಲು ನಿಮ್ಮ ಗಿಣ್ಣುಹಾಲು ಒಂದು ಮಿಲಿ ಬಂದರೂ ಹಿಂಡಿ ಕೊಡಿ. ಡಾಕ್ಟರು ಒಪ್ಪಿದರೆ ಟ್ಯೂಬಿನಲ್ಲಿ ಹಾಕುತ್ತಾರೆ. ಹಾಲು ಏರುತ್ತಾ ಹೋದ ಹಾಗೆ ಸಿರಿಂಜ್ ಇಳಿಯುತ್ತದೆ.

ಪ್ರಶ್ನೆ (ತಾಯಿ): ಇವತ್ತೇ ಹಿಂಡ್ತೀನಿ ಡಾಕ್ಟ್ರೇ. ಆ ಸಿರಿಂಜಿಗೆ ಫಾಯಿಲ್ ಯಾಕೆ ಸುತ್ತಿದ್ದಾರೆ?

ಉತ್ತರ: ಬೆಳಕಿಗೆ, ಅದರಲ್ಲೂ ಕಾಮಾಲೆಯ ನೀಲಿ ಲೈಟಿಗೆ ಎಣ್ಣೆ ಕೆಡುತ್ತದೆ. ಜಾರಿದ್ದು ಕಂಡರೆ ಸಿಸ್ಟರಿಗೆ ಹೇಳಿ, ನೀವು ಮುಟ್ಟಬೇಡಿ.