ಸಹಾಯ ಬೇಕು: ಮಂಡಿ ನೋವಿಗೆ ಬಣ್ಣದ ಟೇಪ್ ನಿಜಕ್ಕೂ ಕೆಲಸ ಮಾಡುತ್ತಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಮಂಡಿ ಸವೆತ. ಗೋಡೆ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡು ಕಾಲು ಊರಿಯೇ ಇಳಿಯುತ್ತಾರೆ. ಫಿಸಿಯೋಥೆರಪಿಸ್ಟ್ ಮಂಡಿಚಿಪ್ಪಿನ ಎರಡೂ ಬದಿಗೆ ನೀಲಿ ಕಿನೀಸಿಯೋ ಟೇಪ್ (ತುಸು ಎಳೆದು ಚರ್ಮಕ್ಕೆ ಅಂಟಿಸುವ, ಹಿಗ್ಗುವ ಬಟ್ಟೆಯ ಪಟ್ಟಿ) ಹಾಕಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡಿತ್ತಲ್ಲ, ಅದೇ. ಮೊದಲೆರಡು ದಿನ "ಹಗುರ ಅನ್ನಿಸ್ತಿದೆ" ಅಂದರು. ಮೂರನೇ ದಿನ ಅಂಚು ಎದ್ದು ಬಟ್ಟೆಗೆ ಅಂಟತೊಡಗಿತು. ಕಿತ್ತಾಗ ಚರ್ಮ ಕೆಂಪಾಗಿತ್ತು, ನೋವು ಮೊದಲಿನಷ್ಟೇ.

ಇದನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ಟೇಪ್ ಚರ್ಮವನ್ನು ತುಸು ಎತ್ತಿ ಒಳಗಿನ ಒತ್ತಡ ಇಳಿಸುತ್ತೆ ಅನ್ನೋದು ವಾದ. ಆದರೆ ಎಳೆಯದೆ ಸುಮ್ನೆ ಅಂಟಿಸಿದ ಟೇಪಿನ ಜೊತೆ ಹೋಲಿಸಿದ ಹಲವು ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹಾಗಾದರೆ ಆ ಎರಡು ದಿನದ ಹಗುರ ಬರೀ ನಂಬಿಕೆಯದ್ದಾ? ಅಮ್ಮನ ಮುಂದೆ ಇದನ್ನು ಕೇಳುವ ಧೈರ್ಯ ನನಗಿಲ್ಲ!

ಬಳಸಿದವರು ಹೇಳಿ. ತೊಡೆಯ ವ್ಯಾಯಾಮದ ಜೊತೆ ಹಾಕಿದಾಗ ಜಾಸ್ತಿ ಉಪಯೋಗ ಆಯಿತಾ, ಅಥವಾ ವ್ಯಾಯಾಮವೇ ಸಾಕಿತ್ತು ಅನ್ನಿಸಿತಾ? ಎಷ್ಟು ದಿನ ಬಿಡುತ್ತಿದ್ದಿರಿ? ವಯಸ್ಸಾದವರ ತೆಳು ಚರ್ಮದಿಂದ ನೋವಾಗದಂತೆ ಬಿಡಿಸೋದು ಹೇಗೆ? ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕಾ?