ನಮ್ಮೂರ ನಡುವಿನ ಈ ರಸ್ತೆ ಯಾರದ್ದು? ಅರ್ಜಿ ಯಾರಿಗೆ ಕೊಡಬೇಕು?

ರೊಟ್ಟಿ ಅಕ್ಕ, ಮುಧೋಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ರಸ್ತೆಗೆ ಹತ್ತಿಯೇ ನಮ್ಮ ಖಾನಾವಳಿ ಇದೆ. ಇಪ್ಪತ್ತು ವರ್ಷದಿಂದ ಇಲ್ಲೇ ರೊಟ್ಟಿ ಬಡಿಯುತ್ತಿದ್ದೇನೆ. ನಮ್ಮೂರೊಳಗೆ ಈ ರಸ್ತೆ ಬರೀ ಒಂದೂವರೆ ಕಿಲೋಮೀಟರ್. ಆ ತುದಿಗೆ ಬಸ್ ಸ್ಟ್ಯಾಂಡ್, ಈ ತುದಿಗೆ ಶಾಲೆ.

ದೀಪಾವಳಿ ಆಯಿತೆಂದರೆ ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್. ಶಾಲೆ ಬಿಟ್ಟ ಹುಡುಗರು ಹಿಂದೆ ಓಡಿ ಓಡಿ ಕಬ್ಬು ಎಳೆಯುತ್ತಾರೆ. ಹೋದ ವಾರ ಎರಡನೇ ತರಗತಿ ಹುಡುಗನೊಬ್ಬ ಎರಡು ಟ್ರೇಲರ್ ನಡುವೆಯೇ ಕೈ ಹಾಕಿದ್ದ. ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಅಂಗಿ ಹಿಡಿದು ಎಳೆದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಶಾಲೆ ಮುಂದೆ ಹಂಪ್ ಹಾಕಿಸಿ ಅಂತ ಒಂದು ಕಚೇರಿಗೆ ಹೋದೆ. ಈ ರಸ್ತೆ ನಮ್ಮದಲ್ಲ ಅಂದರು. ಅವರು ಹೇಳಿದ ಇನ್ನೊಂದು ಕಚೇರಿಯಲ್ಲೂ ಅದೇ ಮಾತು. ಹಾಗಾದರೆ ಯಾರದ್ದು? ತಿಳಿದವರು ಹೇಳಿ.

ನಿವೃತ್ತ ವರ್ಕ್ ಇನ್‌ಸ್ಪೆಕ್ಟರ್, ಬಾಗಲಕೋಟೆ

ಅಕ್ಕಾರ, ಮೊದಲು ಕಿಲೋಮೀಟರ್ ಕಲ್ಲು ನೋಡಿರಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಹಸಿರಾದರೆ ಸಾಮಾನ್ಯವಾಗಿ ಅದು ಲೋಕೋಪಯೋಗಿ ಇಲಾಖೆಯದು. ಊರೊಳಗೆ ಬಂತೆಂದು ಹೆದ್ದಾರಿ ಕೈ ಬದಲಾಗುವುದಿಲ್ಲ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಅರ್ಜಿ ಬರೆಯಿರಿ. ಬಾಯಿಮಾತು ಬೇಡ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.

ಇನ್ನು ಹಂಪ್ ಮಾತು. ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಅಳತೆಯ ಹಂಪ್ ಗಾಡಿ ಹೋಗುವ ದಿಕ್ಕಿಗೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಾಡಿ ಸಲೀಸಾಗಿ ಹತ್ತಿ ಇಳಿಯಬೇಕು. ಊರವರೇ ರಾತ್ರೋರಾತ್ರಿ ಮಣ್ಣು ಖಡಿ ಸುರಿದು ಮಾಡುವ ಗುಡ್ಡ ಬೇಡವೇ ಬೇಡ. ಬೈಕಿನವರು ಬಿದ್ದು ಸಾಯುತ್ತಾರೆ. ಶಾಲೆಗೆ ಸ್ವಲ್ಪ ಮೊದಲೇ ದಪ್ಪ ಬಿಳಿ ಪಟ್ಟಿಗಳನ್ನೂ ಮಕ್ಕಳ ಚಿತ್ರದ ಫಲಕವನ್ನೂ ಕೇಳಿರಿ.

ಟ್ರ್ಯಾಕ್ಟರ್ ಡ್ರೈವರ್, ಜಮಖಂಡಿ

ನಾನು ಅದೇ ರಸ್ತೆಗೆ ಕಬ್ಬು ಹೊಡೆಯುವವನು. ಅಕ್ಕಾರ, ಹಿಂದಿನ ಟ್ರೇಲರ್ ಹತ್ತಿರ ಹುಡುಗ ಇದ್ದರೆ ನನಗೆ ಕಾಣುವುದೇ ಇಲ್ಲ. ಹೇರು ಅಷ್ಟು ಅಗಲ ಇರುತ್ತದೆ. ಇಂಜಿನ್ ಸದ್ದಿಗೆ ಕೂಗಿದರೂ ಕೇಳುವುದಿಲ್ಲ. ತುಂಬಿದ ಗಾಡಿ ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದೂ ಇಲ್ಲ, ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ. ಅದಕ್ಕೆ ದೂರದಿಂದಲೇ ಕಾಣುವ ಪಟ್ಟಿ ಒಳ್ಳೆಯದು. ಹುಡುಗರಿಗೆ ಮಾತ್ರ ನೀವೇ ಹೇಳಬೇಕು. ಕಬ್ಬು ಬೇಕಿದ್ದರೆ ಗಾಡಿ ನಿಂತಾಗ ಕೇಳಲಿ, ನಾನೇ ನಾಲ್ಕು ಗಳ ಇಳಿಸಿ ಕೊಡುತ್ತೇನೆ.

ರೊಟ್ಟಿ ಅಕ್ಕ, ಮುಧೋಳ ತಾಲ್ಲೂಕು

ಅಣ್ಣಾರ, ಇಬ್ಬರಿಗೂ ಪುಣ್ಯ ಬರಲಿ. ಇವತ್ತು ಬೆಳಿಗ್ಗೆ ಕಲ್ಲು ಹುಡುಕಿದೆ. ಗಟಾರದಿಂದ ತೆಗೆದು ಹಾಕಿದ ಮಣ್ಣಲ್ಲಿ ಮುಚ್ಚಿಹೋಗಿತ್ತು. ಕೆದರಿ, ಎರಡು ಕೊಡ ನೀರು ಹಾಕಿ ತೊಳೆದೆ. ತಲೆ ಹಸಿರೇ ಇದೆ. ಅರ್ಜಿ ಬರೆದುಕೊಡಲು ಶಾಲೆಯ ಮಾಸ್ತರರು ಒಪ್ಪಿದ್ದಾರೆ. ನಾಳೆ ಊಟಕ್ಕೆ ಬಂದವರದೆಲ್ಲ ಸಹಿ ಹಾಕಿಸುತ್ತೇನೆ. ಡ್ರೈವರ್ ಅಣ್ಣಾರ, ನೀವೂ ಗಾಡಿ ನಿಲ್ಲಿಸಿ ಬಂದು ಒಂದು ಸಹಿ ಮಾಡಿರಿ. ನಿಮ್ಮ ಮಾತು ಅರ್ಜಿಯಲ್ಲಿ ಇರಬೇಕು.