320ಐ: ಕಾರಿನ ಡಿಕ್ಕಿ ಮೇಲಿನ ಅಂಕಿಗಳಿಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು. ಒಂದು ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಬಿಎಂಡಬ್ಲ್ಯು ಕಾರುಗಳ ಹೆಸರು. 320ಐ, 525ಡಿ, 735ಐಎಲ್ ಅಂತೆಲ್ಲ ಇರುತ್ತದಲ್ಲ, ಅದರ ಲೆಕ್ಕ ಇಷ್ಟೇ. ಮೊದಲ ಅಂಕಿ ಕಾರು ಎಷ್ಟು ದೊಡ್ಡದು ಎಂದು ಹೇಳುತ್ತದೆ. ಮುಂದಿನ ಎರಡು ಅಂಕಿ ಎಂಜಿನ್ ಎಷ್ಟು ದೊಡ್ಡದು ಎಂದು ಹೇಳುತ್ತವೆ. 20 ಅಂದರೆ 2.0 ಲೀಟರ್, 25 ಅಂದರೆ 2.5. ಕೊನೆಯ ಐ ಪೆಟ್ರೋಲ್ ಇಂಜೆಕ್ಷನ್‌ಗೆ, ಡಿ ಡೀಸೆಲ್‌ಗೆ, ಎಲ್ ಉದ್ದ ಹೆಚ್ಚಿಸಿದ ಕಾರಿಗೆ.

ನನ್ನ ಕರಡು ಹೀಗಿದೆ: “ಮೊದಲ ಅಂಕಿ ಕಾರಿನ ಗಾತ್ರವನ್ನೂ ಉಳಿದೆರಡು ಅಂಕಿಗಳು ಎಂಜಿನ್ ಗಾತ್ರವನ್ನೂ ಸೂಚಿಸುತ್ತವೆ.” ಎರಡೂ ಕಡೆ ಗಾತ್ರವೇ ಬಂತು. ಓದಿದವರು ಎಂಜಿನ್ನಿನ ಉದ್ದ ಅಗಲ ಅಂದುಕೊಳ್ಳುತ್ತಾರೆ. ಪ್ರದರ್ಶನದವರು ಯಂತ್ರದಿಂದ ಮಾಡಿಸಿದ ಅನುವಾದವನ್ನೂ ಕಳಿಸಿದ್ದಾರೆ. ಅದರಲ್ಲಿ ಇಂಗ್ಲಿಷಿನ ಡಿಸ್‌ಪ್ಲೇಸ್‌ಮೆಂಟ್ ಹೋಗಿ “ಎಂಜಿನ್ ಸ್ಥಳಾಂತರ: 1990 ಸಿಸಿ” ಎಂದಾಗಿದೆ. ಎಂಜಿನ್ ಬಾಡಿಗೆ ಮನೆ ಬದಲಾಯಿಸಿದ ಹಾಗೆ.

ಮೊದಲ ಅಂಕಿಗೆ ಒಂದು ಪದ, ಎಂಜಿನ್ ಅಳತೆಗೆ ಒಂದು ಪದ. ಇಷ್ಟು ಕೊಟ್ಟರೆ ಸಾಕು.

———

ಮರು: 320ಐ

ಸ್ಥಳಾಂತರವನ್ನು ಕಸದ ಬುಟ್ಟಿಗೆ ಹಾಕಿ. ಗಾತ್ರವನ್ನೂ ಅದರ ಜೊತೆಗೇ ಹಾಕಿ. ಸಂಸ್ಕೃತದಲ್ಲಿ ಗಾತ್ರ ಅಂದರೆ ಮೈ, ಅಂಗ. ಹಾಡುಗಾರಿಕೆಗೆ ಗಾತ್ರ ಸಂಗೀತ ಅನ್ನುವುದು ಅದಕ್ಕೇ. ಕನ್ನಡಕ್ಕೆ ಬಂದು ದಪ್ಪ, ಅಳತೆ ಆಯಿತು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಘನ ಅಳತೆಯೂ ಆಯಿತು. ಎರವಲು ತಂದ ಒಂದೇ ಪದದ ಮೇಲೆ ಇಷ್ಟು ಹೊರೆ ಹೇರಿದರೆ ಹೀಗೇ ಆಗುವುದು.

ನಮ್ಮವೇ ಪದಗಳಿವೆ. ಎಂಜಿನ್‌ಗೆ ಬಿಣಿಗೆ. ಸಿಲಿಂಡರ್‌ಗೆ ಉರುಳೆ. ಪಿಸ್ಟನ್‌ಗೆ ಆಡುಬೆಣೆ. ಹಾಗಾದರೆ ಎಂಜಿನ್ ಅಳತೆ ‘ಉರುಳೆಯಳವು’. ಮೊದಲ ಅಂಕಿಗೆ, ಅಂದರೆ ಸೀರೀಸ್‌ಗೆ, ‘ಸಾಲು’. “ಮೂರನೇ ಸಾಲಿನ ಬಂಡಿ, ಉರುಳೆಯಳವು ಎರಡು ಲೀಟರ್.” ಏನು ಕಷ್ಟ?

———

ಮರು: ಮರು: 320ಐ

> ಮೂರನೇ ಸಾಲಿನ ಬಂಡಿ

ಕಷ್ಟ ಓದುವವರಿಗೆ. ಪ್ರದರ್ಶನದಲ್ಲಿ ಈ ಫಲಕ ಹಾಕಿದರೆ ಜನ ಮೂರನೇ ಸಾಲಿಗೆ ಹೋಗಿ ಕಾರು ಹುಡುಕುತ್ತಾರೆ. ಇನ್ನು ‘2024-25ನೇ ಸಾಲಿನ ಬಜೆಟ್’ ಓದಿ ರೂಢಿಯಾದವರಿಗೆ ಸಾಲು ಅಂದರೆ ವರ್ಷ.

ಅದಕ್ಕಿಂತ ದೊಡ್ಡ ತಪ್ಪು ‘ನೇ’ ಪ್ರತ್ಯಯದಲ್ಲಿದೆ. ಅದು ಕ್ರಮ ಹೇಳುತ್ತದೆ. ಇಲ್ಲಿ ಕ್ರಮವೇ ಇಲ್ಲ. 5 ಮೊದಲು ಬಂದದ್ದು, 1972ರಲ್ಲಿ. 3 ಬಂದದ್ದು 1975ರಲ್ಲಿ, 6 ಮರುವರ್ಷ, 7 ಅದರ ಮರುವರ್ಷ. 1 ಬಂದದ್ದು 2004ರಲ್ಲಿ. ‘ಮೂರನೇ ಸರಣಿ’ ಎಂದು ಬರೆದರೆ ಕ್ರಿಕೆಟ್ ವರದಿ ಅನ್ನಿಸುತ್ತದೆ, ಅಥವಾ ಮೂರನೆಯದಾಗಿ ಬಂದದ್ದು ಅನ್ನಿಸುತ್ತದೆ. ಎರಡೂ ಅಲ್ಲ.

ದರ್ಜೆಯೂ ಕೂರುವುದಿಲ್ಲ. ನಮ್ಮಲ್ಲಿ ಒಂದನೇ ದರ್ಜೆಯೇ ಮೇಲಿನದು. ಬಿಎಂಡಬ್ಲ್ಯುನಲ್ಲಿ ಒಂದು ಎಲ್ಲಕ್ಕಿಂತ ಚಿಕ್ಕದು, ಏಳು ದೊಡ್ಡದು. ‘ಏಳನೇ ದರ್ಜೆಯ ಕಾರು’ ಎಂದು ಬರೆದರೆ ಮಾಲೀಕರು ಜಗಳಕ್ಕೆ ಬರುತ್ತಾರೆ. ಅಂಕಿ ಏರಿದಂತೆ ಮೇಲೆ ಹೋಗುವ ಪದ ನಮ್ಮಲ್ಲಿರುವುದು ತರಗತಿ. ಅದನ್ನು ಕಾರಿಗೆ ಹಚ್ಚುವ ಧೈರ್ಯ ನನಗಿಲ್ಲ.

ದಾರಿ ಷಷ್ಠಿ ವಿಭಕ್ತಿಯಲ್ಲಿದೆ. ಮೂರರ ಮಗ್ಗಿ ಅನ್ನುತ್ತೇವೆ, ಮೂರನೇ ಮಗ್ಗಿ ಅನ್ನುವುದಿಲ್ಲ. ಹಾಗೇ ‘ಮೂರರ ಸರಣಿ’, ‘ಐದರ ಸರಣಿ’. ಜರ್ಮನ್ನರೂ ಬರೀ ಅಂಕಿಯನ್ನೇ ಹೆಸರು ಮಾಡಿಕೊಂಡು ‘ಡ್ರೈಅರ್’, ‘ಫ್ಯುನ್‌ಫರ್’ ಅನ್ನುತ್ತಾರೆ. ಇನ್ನೊಂದು ಮಾತು. 320 ಅನ್ನುವುದು ಮುನ್ನೂರ ಇಪ್ಪತ್ತು ಅಲ್ಲ, ‘ಮೂರು-ಇಪ್ಪತ್ತು’. ಮುನ್ನೂರು ಅಂದ ತಕ್ಷಣ ಒಳಗಿನ ಲೆಕ್ಕ ಮುಚ್ಚಿಹೋಗುತ್ತದೆ. ಫಲಕದಲ್ಲಿ ಒಮ್ಮೆ ಅಕ್ಷರದಲ್ಲೇ ಬರೆಯಿರಿ.

———

ಮರು: ಮರು: ಮರು: 320ಐ

ನಾನು ಭಾಷೆಯವನಲ್ಲ, ಗ್ಯಾರೇಜಿನವನು. ಬಿಣಿಗೆ ಅಂತ ಯಾರೂ ಅನ್ನಲ್ಲ. “ಎಷ್ಟು ಸಿಸಿ?” ಅಂತ ಕೇಳುತ್ತಾರೆ. ಅಲ್ಲಿಗೆ ಪದ ಸಿಕ್ಕಿತು, ಅಲ್ವಾ?

ಅರ್ಥ ಗೊತ್ತಿದ್ದರೆ ಪದ ಆರಿಸುವುದು ಸುಲಭ. ಪಿಸ್ಟನ್ ಕೆಳಗಿನಿಂದ ಮೇಲಿನವರೆಗೆ ಹೋಗುವಾಗ ಎಷ್ಟು ಜಾಗ ಗುಡಿಸುತ್ತದೋ ಅದು ಒಂದು ಸಿಲಿಂಡರಿನ ಲೆಕ್ಕ. ಅದನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಬೇಕು. ಹಳೆಯ ಬಿಎಂಡಬ್ಲ್ಯು 2002 ತಗೊಳ್ಳಿ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 89 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 80. ಸಿಲಿಂಡರ್ ನಾಲ್ಕು. ಲೆಕ್ಕ ಹಾಕಿದರೆ 1990 ಸಿಸಿ ಬರುತ್ತದೆ. ನಿಮ್ಮ ‘ಸ್ಥಳಾಂತರ’ ಇದೇ. ಎಂಜಿನ್ನಿನ ಹೊರಮೈಗೂ ಇದಕ್ಕೂ ಸಂಬಂಧವಿಲ್ಲ. ಅಂದಹಾಗೆ 2002 ಇಸವಿ ಅಲ್ಲ. ಅದು 2.0 ಲೀಟರ್, ಕೊನೆಯ 2 ಎರಡು ಬಾಗಿಲಿಗೆ. ಕಾರು ಬಂದದ್ದು 1968ರಲ್ಲಿ.

ಆದರೆ ಮೇಡಂ, ಪದಕ್ಕಿಂತ ನಿಮ್ಮ ವಾಕ್ಯದ ಕ್ರಿಯಾಪದ ನೋಡಿ. “ಸೂಚಿಸುತ್ತವೆ” ಅಂತ ಹಾಕಬೇಡಿ. ಡಿಕ್ಕಿ ಮೇಲಿನ ಅಂಕಿಯನ್ನು ನಂಬಿ ಪಾರ್ಟ್ಸ್ ತರಿಸಿದರೆ ಕೆಟ್ಟಿರಿ. 1979ರಲ್ಲಿ ಬಂದ 745ಐ ಇದೆ. ಎಂಜಿನ್ ಬರೀ 3.2 ಲೀಟರ್. ಹೆಚ್ಚು ಗಾಳಿ ತುಂಬಿ ಬಲ ಕೂಡಿಸುವ ಟರ್ಬೊ ಇತ್ತು. ರೇಸಿಂಗ್ ನಿಯಮದಲ್ಲಿ ಟರ್ಬೊ ಎಂಜಿನ್ನನ್ನು 1.4ರಿಂದ ಗುಣಿಸುತ್ತಿದ್ದರು. 3.2ಕ್ಕೆ 1.4 ಹಾಕಿದರೆ ಸುಮಾರು 4.5 ಬರುತ್ತದೆ, ಅದನ್ನೇ ಹೆಸರಿಗೆ ಅಂಟಿಸಿದರು. 528ಇ ಒಳಗೆ 2.7 ಲೀಟರ್. ತೊಂಬತ್ತರ ದಶಕದ 323ಐ ಒಳಗೆ 2.5. ಆಮೇಲೆ 2012ರ ಹೊತ್ತಿಗೆ ಬಂದ ಮೂರರ ಸರಣಿಯಲ್ಲಿ 320ಐ, 328ಐ ಎರಡಕ್ಕೂ ಅದೇ 2.0 ಲೀಟರ್ ಟರ್ಬೊ ಎಂಜಿನ್. ಪವರ್ ಮಾತ್ರ ಬೇರೆ. ಈಗ ಆ ಎರಡು ಅಂಕಿ ಹೇಳುವುದು ಲೀಟರನ್ನಲ್ಲ, ಅದೇ ಸರಣಿಯಲ್ಲಿ ಯಾವುದು ಹೆಚ್ಚು ಬಲಶಾಲಿ ಅನ್ನುವುದನ್ನು.

———

ಮರು: ಸಿಸಿ?

ಗ್ಯಾರೇಜಿನಲ್ಲಿ ಆಡುವುದನ್ನೆಲ್ಲ ಫಲಕಕ್ಕೆ ಹಾಕುವುದಾದರೆ ನಿಘಂಟು ಯಾಕೆ ಬೇಕು? ಸಿಸಿ ಅಂದರೆ ಸಿಸಿ ಕ್ಯಾಮೆರಾ. ಸಿಸಿ ಅಂದರೆ ಕಾಂಕ್ರೀಟ್ ರಸ್ತೆ. ಗಾತ್ರದ ಮೇಲೆ ಹೊರೆ ಜಾಸ್ತಿ ಅಂದೆ, ನೀವು ಅದನ್ನು ಇಳಿಸಿ ಎರಡು ಇಂಗ್ಲಿಷ್ ಅಕ್ಷರದ ತಲೆ ಮೇಲಿಟ್ಟಿರಿ.

ಎಲ್ಲವನ್ನೂ ಎರವಲು ತರುವ ಚಟ ಇದು. ನಾಳೆ ‘ಮಾದರಿ’ ಹೋಗಿ ‘ಮಾಡೆಲ್’ ಒಂದೇ ಉಳಿಯುತ್ತದೆ. ಆಡುಬೆಣೆ ಅನ್ನುವ ಪದ ನೋಡಿ. ಆಡುವ ಬೆಣೆ. ಮಗುವಿಗೂ ಅರ್ಥವಾಗುತ್ತದೆ. ಪಿಸ್ಟನ್ ಅಂದರೆ ಯಾವ ಮಗುವಿಗೆ ಏನು ತಿಳಿಯಿತು?

———

ಮರು: ಮರು: ಸಿಸಿ?

ಆಡುಬೆಣೆ ಚೆನ್ನಾಗಿದೆ, ಒಪ್ಪಿದೆ. ಆದರೆ ಫಲಕ ಓದುವವರು ನಿಘಂಟು ತರುವುದಿಲ್ಲ. ‘ಕಾರು’ ಅನ್ನುವುದಕ್ಕೆ ಉಕಾರ ಹಚ್ಚಿ, ವಿಭಕ್ತಿ ಹಚ್ಚಿ, ಮನೆಯವರನ್ನಾಗಿ ಮಾಡಿಕೊಂಡಾಗಿದೆ. ಈಗ ಅದನ್ನು ಹೊರಗೆ ಹಾಕಿ ಬಂಡಿ ತಂದರೆ ಎತ್ತು ಹುಡುಕಬೇಕಾಗುತ್ತದೆ.

ಎರವಲಿನ ಬಗ್ಗೆ ಹೇಳುವುದಾದರೆ, ಹೆಸರಿಟ್ಟವರೇ ಅರ್ಥವನ್ನು ಕಾಪಾಡಿಲ್ಲ. ಬೆಂಜ್ ನೋಡಿ. 300ಇ ಅನ್ನುವಲ್ಲಿ ಇ ಅಂದರೆ ಐನ್‌ಶ್ಪ್ರಿಟ್ಸುಂಗ್, ಅಂದರೆ ಇಂಜೆಕ್ಷನ್. 1993ರಲ್ಲಿ ಅಕ್ಷರವನ್ನು ಎತ್ತಿ ಮುಂದಿಟ್ಟರು. ಇ300 ಆಯಿತು. ಅಕ್ಷರ ಅದೇ, ಆದರೆ ಈಗ ಅದು ಕಾರಿನ ವರ್ಗ. ಇನ್ನು ಬೆಂಜ್‌ನವರದೇ ವೇಗದ ಕಾರುಗಳು, ಎಎಂಜಿ 63. ಮೊದಲು ಒಳಗಿದ್ದದ್ದು 6.2 ಲೀಟರ್. ಆಮೇಲೆ 5.5, ಆಮೇಲೆ 4.0. 2022ರ ಸಿ63 ಬಂದಾಗ 2.0 ಲೀಟರ್ ಎಂಜಿನ್, ಜೊತೆಗೆ ಎಲೆಕ್ಟ್ರಿಕ್ ಮೋಟಾರು. 63 ಮಾತ್ರ ಅಲುಗಾಡಲಿಲ್ಲ. ಆ 63ರ ಹಿಂದೆ ಇರುವುದು 1968ರ 300 ಎಸ್‌ಇಎಲ್ 6.3ರ ನೆನಪು.

ಇನ್ನೊಂದು ದಿಕ್ಕಿನಲ್ಲಿ ಹೋದದ್ದು ಆಡಿ (Audi) ಕಂಪನಿ. 2017ರಲ್ಲಿ ಲೀಟರ್ ಬಿಟ್ಟು ಪವರ್‌ಗೆ ಅಂಕಿ ಕೊಟ್ಟರು. 110ರಿಂದ 120 ಕಿಲೋವ್ಯಾಟ್ ಇದ್ದರೆ 35, 125ರಿಂದ 150 ಇದ್ದರೆ 40. ಅಂಕಿ ನೋಡಿ ಕಿಲೋವ್ಯಾಟ್ ಊಹಿಸಲೂ ಆಗದು, ಲೀಟರ್ ಊಹಿಸಲೂ ಆಗದು. ಸುಮ್ನೆ ಒಂದು ಮೆಟ್ಟಿಲು.

———

ಮರು: ಮರು: ಮರು: ಸಿಸಿ?

ಸ್ವಾಮಿ, ಇದು ಫಲಕ, ಪಿಎಚ್‌ಡಿ ಅಲ್ಲ. ಐವತ್ತು ಪದದ ಒಳಗೆ ಮುಗಿಸಬೇಕು. ಕೆಳಗಿನದು ನಡೆಯುತ್ತದಾ?

“320ಐ ಎಂಬುದನ್ನು ಮೂರು-ಇಪ್ಪತ್ತು-ಐ ಎಂದು ಓದಿ. ಮೊದಲ ಅಂಕಿ ಕಾರಿನ ಸರಣಿ. ಮೂರರ ಸರಣಿ ಚಿಕ್ಕದು, ಐದರದು ಅದಕ್ಕಿಂತ ದೊಡ್ಡದು, ಏಳರದು ಇನ್ನೂ ದೊಡ್ಡದು. ಮುಂದಿನ ಎರಡು ಅಂಕಿ ಮೊದಲು ಎಂಜಿನ್ ಎಷ್ಟು ಲೀಟರಿನದು ಎಂದು ಹೇಳುತ್ತಿದ್ದವು. ಈಗ ಹೆಚ್ಚಾಗಿ ಎಂಜಿನ್ನಿನ ಬಲವನ್ನು ಹೇಳುತ್ತವೆ. ಕೊನೆಯ ಐ ಪೆಟ್ರೋಲ್ ಇಂಜೆಕ್ಷನ್‌ಗೆ.”

ಗಾತ್ರವೂ ಇಲ್ಲ, ಸ್ಥಳಾಂತರವೂ ಇಲ್ಲ. ಅಳತೆಗೆ ಹೆಸರೇ ಬೇಕಾಗಲಿಲ್ಲ, ಲೀಟರ್ ಸಾಕಾಯಿತು. ಪಕ್ಕದ ಅಂಕಿಅಂಶದ ಪಟ್ಟಿಯಲ್ಲಿ ಮಾತ್ರ “ಎಂಜಿನ್: 1990 ಸಿಸಿ” ಎಂದು ಹಾಕುತ್ತೇನೆ.

———

ಮರು: ಅಂತಿಮ ಕರಡು

ನಡೆಯುತ್ತದೆ. ಕೊನೆಯ ವಾಕ್ಯಕ್ಕೂ ಭೂತಕಾಲ ಹಾಕಿ. 2024ರಿಂದ ಬರುತ್ತಿರುವ ಹೊಸ ಪೆಟ್ರೋಲ್ ಕಾರುಗಳಲ್ಲಿ ಕೊನೆಯ ಐ ತೆಗೆಯುತ್ತಿದ್ದಾರೆ. ಬರೀ 120 ಅಂತಿರುತ್ತದೆ. ಐ ಈಗ ಎಲೆಕ್ಟ್ರಿಕ್ ಕಾರಿನ ಗುರುತು, ಅದೂ ಮುಂದುಗಡೆ: ಐ4, ಐ7.

———

ಮರು: ಮರು: ಅಂತಿಮ ಕರಡು

‘ಸರಣಿ’ ಸಂಸ್ಕೃತ. ಅರ್ಥ ದಾರಿ. ಆ ಒಂದು ಪದಕ್ಕೆ ನನ್ನ ವಿರೋಧ ಇದೆ ಎಂದು ದಾಖಲಾಗಲಿ. ‘ಇನ್ನೂ ದೊಡ್ಡದು’ ಚೆನ್ನಾಗಿದೆ.